ಮೀಟರಿನಿಂದ ಗ್ರಾಫಿನವರೆಗೆ: ಮೊಸ್ಕಿಟೊ, ನೋಡ್-ರೆಡ್, ಇನ್‌ಫ್ಲಕ್ಸ್‌ಡಿಬಿ, ಗ್ರಫಾನಾ ಜೋಡಣೆಯ ವಿಮರ್ಶೆ

ಯಂತ್ರಗಳಿಗೆ ಮೀಟರು, ಸೆನ್ಸರು ಕಟ್ಟಿ ಅವುಗಳ ಲೆಕ್ಕವನ್ನು ಪರದೆಗೆ ತರಲು ಲೈಸೆನ್ಸ್ ಕೊಂಡ ಪ್ಯಾಕೇಜೇ ಆಗಬೇಕೆಂದಿಲ್ಲ. ಮೀಟರ್ ಓದಿ ಅಂಕಿಗಳನ್ನು ಹದ ಮಾಡಲು ನೋಡ್-ರೆಡ್, ಸಂದೇಶ ಸಾಗಿಸಲು ಮೊಸ್ಕಿಟೊ, ಕೂಡಿಡಲು ಇನ್‌ಫ್ಲಕ್ಸ್‌ಡಿಬಿ, ಗ್ರಾಫ್ ಬಿಡಿಸಿ ಅಲಾರಂ ಕೊಡಲು ಗ್ರಫಾನಾ. ನಾಲ್ಕೂ ಉಚಿತವಾಗಿ ಸಿಗುತ್ತವೆ, ನಾಲ್ಕೂ ಒಂದೇ ಸಣ್ಣ ಕಂಪ್ಯೂಟರಿನಲ್ಲಿ ಕೂರುತ್ತವೆ. ಬೆಳಿಗ್ಗೆ ಶುರು ಮಾಡಿದರೆ ಸಂಜೆಯೊಳಗೆ ಮೊದಲ ಗ್ರಾಫ್ ಬಂದಿರುತ್ತದೆ. ಆ ಗ್ರಾಫ್ ನಿಜ ಹೇಳುತ್ತಿದೆಯೇ ಎಂದು ಖಾತ್ರಿ ಮಾಡಿಕೊಳ್ಳಲು ಮಾತ್ರ ವಾರಗಳೇ ಬೇಕು.

ಹಾಗಾಗಿ ಇಲ್ಲಿ ಅಂದಕ್ಕಾಗಲಿ ವೇಗಕ್ಕಾಗಲಿ ಅಂಕ ಕೊಟ್ಟಿಲ್ಲ. ಪ್ರತಿ ಹಂತದಲ್ಲೂ ನೋಡಿದ್ದು ಒಂದನ್ನೇ: ಏನಾದರೂ ಕೆಟ್ಟರೆ ಕೆಟ್ಟಿದೆ ಎಂದು ಕೂಗಿ ಹೇಳುತ್ತದೆಯೇ, ಇಲ್ಲ ತಪ್ಪು ಅಂಕಿಯನ್ನೇ ಏನೂ ಆಗಿಲ್ಲವೆಂಬಂತೆ ತೋರಿಸುತ್ತಾ ಕೂರುತ್ತದೆಯೇ?

ತಳದಲ್ಲೇ ತೊಂದರೆ: ಸಿಟಿ ಮತ್ತು ಮೋಡ್‌ಬಸ್

ನಾಲ್ಕು ತಂತ್ರಾಂಶಗಳಿಗೂ ಕೆಳಗೆ, ಪ್ಯಾನೆಲ್ಲಿನೊಳಗೆ, ಎನರ್ಜಿ ಮೀಟರ್ ಇದೆ. ಅದರ ಸಿಟಿಗಳ (ಪ್ರತಿ ಫೇಸಿನ ಕರೆಂಟನ್ನು ಮೀಟರಿಗೆ ತಕ್ಕಷ್ಟು ತಗ್ಗಿಸಿ ಕೊಡುವ ಕರೆಂಟ್ ಟ್ರಾನ್ಸ್‌ಫಾರ್ಮರುಗಳ) ವೈರಿಂಗ್ ತಪ್ಪಿದ್ದರೆ ಮೇಲಿನ ಯಾವ ತಂತ್ರಾಂಶಕ್ಕೂ ಅದು ಗೊತ್ತಾಗುವುದಿಲ್ಲ. ಮೂರರಲ್ಲಿ ಒಂದು ಸಿಟಿ ತಿರುಗುಮುರುಗಾಗಿದ್ದರೆ, ಸಮತೋಲದ ಲೋಡಿನಲ್ಲಿ ಆ ಫೇಸಿನ ಕಿಲೋವ್ಯಾಟ್ ಋಣವಾಗಿ ಬಂದು ಒಟ್ಟು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಒಟ್ಟು ಅಂಕಿಯನ್ನಷ್ಟೇ ನೋಡುವವರಿಗೆ ಇದು ಉಳಿತಾಯದಂತೆ ಕಾಣುವುದೂ ಉಂಟು! ಒಂದು ಫೇಸಿನ ಸಿಟಿಯನ್ನು ಇನ್ನೊಂದು ಫೇಸಿನ ವೋಲ್ಟೇಜಿಗೆ ಜೋಡಿಸಿದ್ದರೆ ಕರೆಂಟ್ ಸರಿಯಾಗಿಯೇ ಇರುತ್ತದೆ, ಪವರ್ ಫ್ಯಾಕ್ಟರ್ (ಎಳೆದದ್ದರಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಮಾತ್ರ ಅಸಂಬದ್ಧ. ಆದ್ದರಿಂದ ಮೊದಲ ದಿನ ಒಟ್ಟು ಕಿಲೋವ್ಯಾಟನ್ನಲ್ಲ, ಮೂರೂ ಫೇಸುಗಳ ಕಿಲೋವ್ಯಾಟ್ ಮತ್ತು ಪವರ್ ಫ್ಯಾಕ್ಟರನ್ನು ಬೇರೆಬೇರೆಯಾಗಿ ಓದಿ, ಕ್ಲ್ಯಾಂಪ್ ಮೀಟರಿನೊಂದಿಗೆ ತಾಳೆ ನೋಡಬೇಕು. ಮೋಟಾರ್ ಲೋಡಿನಲ್ಲಿ ಮೂರೂ ಧನವಾಗಿರಬೇಕು, ಒಂದಕ್ಕೊಂದು ಹತ್ತಿರವಿರಬೇಕು.

ಸಿಟಿಯ ಗಾತ್ರವೂ ಅಷ್ಟೇ ಮುಖ್ಯ. 30 ಆಂಪಿಯರ್ ಎಳೆಯುವ ಯಂತ್ರಕ್ಕೆ ಸ್ಟೋರಿನಲ್ಲಿ ಸಿಕ್ಕಿತೆಂದು 400/5 ಸಿಟಿ (400 ಆಂಪಿಯರನ್ನು 5ಕ್ಕೆ ಇಳಿಸುವುದು) ಹಾಕಿದರೆ ಅದು ತನ್ನ ಶ್ರೇಣಿಯ 7.5 ಶೇಕಡಾದಲ್ಲಿ ದುಡಿಯುತ್ತದೆ. ಕ್ಲಾಸ್ 1 ಸಿಟಿಗೆ ಪೂರ್ಣ ಕರೆಂಟಿನಲ್ಲಿ 1 ಶೇಕಡಾ ದೋಷ ಅನುಮತಿಸಿದ್ದರೆ, 20 ಶೇಕಡಾದಲ್ಲಿ 1.5, 5 ಶೇಕಡಾದಲ್ಲಿ 3. ಎರಡು ಮೂರು ಶೇಕಡಾ ಉಳಿತಾಯವನ್ನು ಅಳೆಯಲು ಹೊರಟವರಿಗೆ ಈ ಸಿಟಿ ಉಪಯೋಗಕ್ಕೆ ಬಾರದು. ಇನ್ನೊಂದು ಮಾತು: ಲೋಡ್ ಹರಿಯುತ್ತಿರುವಾಗ 5 ಆಂಪಿಯರ್ ಸಿಟಿಯ ಸೆಕೆಂಡರಿಯನ್ನು (ಮೀಟರಿಗೆ ಹೋಗುವ ತಂತಿಗಳನ್ನು) ಎಂದಿಗೂ ಬಿಚ್ಚಬಾರದು. ತೆರೆದ ತುದಿಗಳಲ್ಲಿ ಪ್ರಾಣಾಪಾಯದ ವೋಲ್ಟೇಜ್ ಏಳುತ್ತದೆ. ಮೊದಲು ಶಾರ್ಟಿಂಗ್ ಟರ್ಮಿನಲ್‌ನಿಂದ ಆ ಎರಡು ತುದಿಗಳನ್ನು ಕೂಡಿಸಿ, ಆಮೇಲೆ ಮೀಟರಿಗೆ ಕೈ ಹಾಕಿ.

ಇನ್ನು ಮೋಡ್‌ಬಸ್, ಮೀಟರಿನಿಂದ ಅಂಕಿ ಕೇಳಿ ಪಡೆಯುವ ಸಂವಹನ ಪದ್ಧತಿ. 1979ರಲ್ಲಿ ಮೋಡಿಕಾನ್ ಕಂಪನಿ ತನ್ನ ಪಿಎಲ್‌ಸಿಗಳಿಗಾಗಿ (ಯಂತ್ರಗಳನ್ನು ನಿಯಂತ್ರಿಸುವ ಕಂಪ್ಯೂಟರುಗಳಿಗಾಗಿ) ಮಾಡಿದ್ದು. ಇವತ್ತಿಗೂ ಎನರ್ಜಿ ಮೀಟರುಗಳ ಮಾತೃಭಾಷೆ ಇದೇ. ಕೆಟ್ಟಾಗ ಸುಮ್ಮನಿರುವುದರಲ್ಲಿ ಇದನ್ನು ಮೀರಿಸುವವರಿಲ್ಲ. ರಿಜಿಸ್ಟರಿನಲ್ಲಿ, ಅಂದರೆ ಮೀಟರ್ ಅಂಕಿ ಇಡುವ ಖಾನೆಯಲ್ಲಿ, ಇರುವುದು ಬರೀ 16 ಬಿಟ್‌ಗಳು. ಅದು ವೋಲ್ಟೇಜೋ ಉಷ್ಣತೆಯೋ, ಪೂರ್ಣಾಂಕವೋ ದಶಾಂಶವೋ ಎಂದು ಹೇಳುವ ಯಾವ ಗುರುತೂ ಸಂದೇಶದಲ್ಲಿಲ್ಲ. ಕೈಪಿಡಿಯಲ್ಲಿ 43001 ಎಂದಿದ್ದರೆ ನೋಡ್-ರೆಡ್‌ನಲ್ಲಿ ಸಾಮಾನ್ಯವಾಗಿ ಫಂಕ್ಷನ್ 3, ವಿಳಾಸ 3000 ಎಂದು ಕೊಡಬೇಕು, ಏಕೆಂದರೆ ತಂತಿಯ ಮೇಲೆ ಎಣಿಕೆ ಸೊನ್ನೆಯಿಂದ ಶುರು. ಒಂದು ಸ್ಥಾನ ತಪ್ಪಿದರೂ ಮೀಟರ್ ದೂರುವುದಿಲ್ಲ. ಪಕ್ಕದ ಅಂಕಿಯ ಅರ್ಧವನ್ನು ಕತ್ತರಿಸಿ ಕೊಡುತ್ತದೆ. ಎರಡು ರಿಜಿಸ್ಟರ್ ಸೇರಿ ಆಗುವ ಫ್ಲೋಟ್‌ನಲ್ಲಿ (ದಶಾಂಶ ಸಂಖ್ಯೆಯಲ್ಲಿ) ಆ ಎರಡರ ಕ್ರಮ ಅದಲುಬದಲಾದರೆ 230 ವೋಲ್ಟ್ ಹೆಚ್ಚುಕಡಿಮೆ ಸೊನ್ನೆಯೇ ಆಗುತ್ತದೆ. ಇದೊಂದು ಅದೃಷ್ಟ, ಏಕೆಂದರೆ ತಕ್ಷಣ ಕಣ್ಣಿಗೆ ಬೀಳುತ್ತದೆ. ಬೀಳದೇ ಇರುವುದು ಗುಣಕ: ಮೀಟರಿನೊಳಗಿನ ಸಿಟಿ ಅನುಪಾತ 100/5ರಲ್ಲೇ ಉಳಿದು, ತಂತಿಗೆ ಹಾಕಿದ್ದು 200/5 ಆಗಿದ್ದರೆ ಎಲ್ಲವೂ ಅರ್ಧ, ಎಲ್ಲವೂ ನಂಬುವಂತೆಯೇ.

ಕಿಲೋವ್ಯಾಟ್‌ಗಳನ್ನು ಕೂಡಿ ಯೂನಿಟ್ ಲೆಕ್ಕ ಹಾಕುವುದಕ್ಕಿಂತ ಮೀಟರಿನ ಒಟ್ಟು ಯೂನಿಟ್ ರಿಜಿಸ್ಟರ್ ಓದಿ ಕಳೆಯುವುದು ಒಳ್ಳೆಯದು. ನಡುವೆ ಒಂದು ಗಂಟೆ ಸಂಪರ್ಕ ಹೋದರೂ ದಿನದ ಲೆಕ್ಕ ಕೆಡುವುದಿಲ್ಲ. ಆದರೆ ಆ ರಿಜಿಸ್ಟರ್ 32 ಬಿಟ್ ಫ್ಲೋಟ್ ಆಗಿ, ವ್ಯಾಟ್-ಅವರ್‌ನಲ್ಲಿ ಇದ್ದರೆ 1,67,77,216 ದಾಟಿದ ಮೇಲೆ ಒಂದೊಂದಾಗಿ ಎಣಿಸಲು ಅದಕ್ಕೆ ಆಗುವುದಿಲ್ಲ. ಒಂದು ಲಕ್ಷ ಯೂನಿಟ್ ಹತ್ತಿರ ಅದು 8 ವ್ಯಾಟ್-ಅವರ್ ಹೆಜ್ಜೆಯಲ್ಲಿ ಜಿಗಿಯುತ್ತಿರುತ್ತದೆ; ಸಣ್ಣ ಲೋಡಿನ ನಿಮಿಷದ ಗ್ರಾಫ್ ಮೆಟ್ಟಿಲು ಮೆಟ್ಟಿಲಾಗುತ್ತದೆ. 64 ಬಿಟ್ ಪೂರ್ಣಾಂಕದ ರಿಜಿಸ್ಟರ್ ಇದ್ದರೆ ಅದನ್ನೇ ಹಿಡಿಯಿರಿ.

ವೇಗದ ಲೆಕ್ಕವನ್ನು ಮೊದಲೇ ಮಾಡಿಕೊಳ್ಳಬೇಕು. 9600 ಬಾಡ್‌ನಲ್ಲಿ (ಸೆಕೆಂಡಿಗೆ 9600 ಬಿಟ್) ಒಂದು ಬೈಟಿಗೆ ಸುಮಾರು 1 ಮಿಲಿಸೆಕೆಂಡ್. 20 ರಿಜಿಸ್ಟರ್ ಓದಲು ಕೋರಿಕೆ 8 ಬೈಟ್, ಉತ್ತರ 45 ಬೈಟ್. ಅಂದರೆ ತಂತಿಯ ಮೇಲೇ 55 ಮಿಲಿಸೆಕೆಂಡ್. ಮೀಟರ್ ಯೋಚಿಸುವ ಸಮಯವೂ ಸೇರಿ 120 ಎಂದಿಟ್ಟುಕೊಂಡರೆ 12 ಮೀಟರುಗಳ ಒಂದು ಸುತ್ತಿಗೆ ಒಂದೂವರೆ ಸೆಕೆಂಡ್. ಅದರಲ್ಲೊಂದು ಮೀಟರ್ ಸತ್ತರೆ, 1 ಸೆಕೆಂಡ್ ಕಾಯುವಿಕೆ, 3 ಪ್ರಯತ್ನ ಎಂದಿದ್ದಲ್ಲಿ, ಪ್ರತಿ ಸುತ್ತಿಗೂ 3 ಸೆಕೆಂಡ್ ದಂಡ. ಉಳಿದ 11 ಮೀಟರುಗಳೂ ನಿಧಾನವಾಗುತ್ತವೆ. 5 ಸೆಕೆಂಡಿಗೊಮ್ಮೆ ಓದುವ ಗುರಿ, 300 ಮಿಲಿಸೆಕೆಂಡ್ ಕಾಯುವಿಕೆ, ಒಂದೇ ಮರುಪ್ರಯತ್ನ: ಎನರ್ಜಿ ಮೀಟರುಗಳಿಗೆ ಇದು ಹೊಂದುತ್ತದೆ. ಬೇಕಾದ ರಿಜಿಸ್ಟರುಗಳು ಅಕ್ಕಪಕ್ಕದಲ್ಲಿದ್ದರೆ ಒಂದೇ ಓದಿಗೆ ತೆಗೆಯಿರಿ. ಒಂದು ಕೋರಿಕೆಗೆ 125ರವರೆಗೆ ಅವಕಾಶವಿದೆ.

ಮೋಡ್‌ಬಸ್ ಸಾಗುವ ಆರ್‌ಎಸ್-485 ಕೇಬಲನ್ನು ಒಂದು ಮೀಟರಿನಿಂದ ಮುಂದಿನದಕ್ಕೆ ಸರಪಳಿಯಂತೆ ಒಯ್ಯಬೇಕು, ನಕ್ಷತ್ರದಂತೆ ಹರಡಬಾರದು. 120 ಓಮ್ ರೆಸಿಸ್ಟರ್ ಎರಡು ತುದಿಗಳಲ್ಲಿ ಮಾತ್ರ. ಶೀಲ್ಡನ್ನು ಒಂದೇ ಕಡೆ ಅರ್ತ್ ಮಾಡಿ. ವಿಎಫ್‌ಡಿಯ (ಮೋಟಾರಿನ ವೇಗ ಬದಲಿಸುವ ಡ್ರೈವಿನ) ಮೋಟಾರ್ ಕೇಬಲ್ ಜೊತೆ ಒಂದೇ ಟ್ರೇಯಲ್ಲಿ ಎಳೆದರೆ ಯಂತ್ರ ಓಡುವಾಗಲೇ ಸಿಆರ್‌ಸಿ ದೋಷಗಳು (ಸಂದೇಶ ದಾರಿಯಲ್ಲಿ ಕೆಟ್ಟಿದೆ ಎಂಬ ಸೂಚನೆಗಳು) ಬರುತ್ತವೆ. ದಾಟಲೇಬೇಕಾದರೆ ಲಂಬವಾಗಿ ದಾಟಿಸಿ. ಮೋಡ್‌ಬಸ್ ಬಾಯಿ ಬಿಟ್ಟು ಹೇಳುವ ತಪ್ಪುಗಳಲ್ಲಿ ಸಿಆರ್‌ಸಿ ಒಂದು, ಅದನ್ನು ಎಣಿಸಿ ಗ್ರಾಫಿಗೆ ಹಾಕಿ.

ನೋಡ್-ರೆಡ್

2013ರಲ್ಲಿ ಐಬಿಎಂನಲ್ಲಿ ಹುಟ್ಟಿದ್ದು. ಪರದೆಯ ಮೇಲೆ ನೋಡ್ ಎಂಬ ಡಬ್ಬಿಗಳನ್ನು ಗೆರೆಯಿಂದ ಜೋಡಿಸಿದರೆ ಕೆಲಸ ಶುರು. ಪ್ರೋಗ್ರಾಮಿಂಗ್ ಕಲಿಯದ ಎಲೆಕ್ಟ್ರಿಷಿಯನ್ ಕೂಡ ಓದಬಲ್ಲ. ಈ ಜೋಡಣೆಯಲ್ಲಿ ಕಲಿಯಲು ಅತ್ಯಂತ ಹಿತವಾದದ್ದು ಇದು. ಆದರೆ ನಮ್ಮ ಮಾನದಂಡದಲ್ಲಿ ಅರ್ಧ ಅಂಕವೇ ಸಿಗುವುದು. ಕ್ಯಾಚ್ ನೋಡ್ ಹಾಕದಿದ್ದರೆ ದೋಷಗಳೆಲ್ಲ ಲಾಗ್‌ಗೆ ಹೋಗಿ ಮಲಗುತ್ತವೆ. ಪ್ರತಿ ಟ್ಯಾಬಿಗೂ ಒಂದು ಕ್ಯಾಚ್ ನೋಡ್, ಮೋಡ್‌ಬಸ್ ನೋಡುಗಳಿಗೆ ಒಂದು ಸ್ಟೇಟಸ್ ನೋಡ್ ಇಟ್ಟು, ಅವನ್ನೂ ಡೇಟಾಬೇಸಿಗೆ ಬರೆಯುವುದು ಕಡ್ಡಾಯ ಎಂದೇ ತಿಳಿಯಿರಿ.

ಅಂಕಿ ಬದಲಾದಾಗ ಮಾತ್ರ ಮುಂದೆ ಕಳಿಸುವ ಫಿಲ್ಟರ್ ನೋಡ್ ಬಹಳ ಜನಪ್ರಿಯ, ಜಾಗ ಉಳಿಸುತ್ತದೆ. ಇದರ ಬಲೆ ಏನೆಂದರೆ, ಉಷ್ಣತೆ ಎರಡು ಗಂಟೆ ಸ್ಥಿರವಾಗಿದ್ದದ್ದೂ ಸೆನ್ಸರ್ ಸತ್ತದ್ದೂ ಡೇಟಾಬೇಸಿನಲ್ಲಿ ಒಂದೇ ತರ ಕಾಣುತ್ತವೆ. ಬದಲಾಗದಿದ್ದರೂ 60 ಸೆಕೆಂಡಿಗೊಮ್ಮೆ ಒಂದು ಅಂಕಿ ಕಳಿಸಿ. ಅಳತೆಯನ್ನು 4–20 ಮಿಲಿಆಂಪಿಯರ್ ಕರೆಂಟಾಗಿ ಕಳಿಸುವ ಸೆನ್ಸರುಗಳಿಗೂ ಇದೇ ಎಚ್ಚರ: 3.6ಕ್ಕಿಂತ ಕಡಿಮೆ, 21ಕ್ಕಿಂತ ಹೆಚ್ಚು ಬಂದರೆ ಅದು ಅಳತೆಯಲ್ಲ, ದೋಷ ಸೂಚನೆ. ಅದನ್ನು ಸೊನ್ನೆ ಬಾರ್ ಒತ್ತಡ ಎಂದು ಪರಿವರ್ತಿಸಿ ಬರೆಯಬೇಡಿ. ದೋಷ ಎಂದೇ ಬರೆಯಿರಿ.

ಸ್ಥಾಪಿಸಿದ ಕೂಡಲೇ 1880 ಪೋರ್ಟ್ ತೆರೆದಿರುತ್ತದೆ, ಪಾಸ್‌ವರ್ಡ್ ಇರುವುದಿಲ್ಲ. ಆ ಪುಟ ತೆರೆಯಬಲ್ಲ ಯಾರಾದರೂ ಕಂಪ್ಯೂಟರಿನ ಮೇಲೆ ಯಾವ ಆಜ್ಞೆಯನ್ನಾದರೂ ಓಡಿಸಬಹುದು. ಮೋಡ್‌ಬಸ್‌ಗಂತೂ ಗುರುತು ಕೇಳುವ ಪದ್ಧತಿಯೇ ಇಲ್ಲ. ಸೆಟ್ಟಿಂಗ್ಸ್ ಫೈಲಿನಲ್ಲಿ ಅಡ್ಮಿನ್ ಪಾಸ್‌ವರ್ಡ್ ಹಾಕಿ, ಯಂತ್ರದ ಜಾಲ ಮತ್ತು ಕಚೇರಿಯ ಜಾಲಕ್ಕೆ ಎರಡು ಪ್ರತ್ಯೇಕ ನೆಟ್‌ವರ್ಕ್ ಕಾರ್ಡ್ ಬಳಸಿ, ಓದುವ ಫಂಕ್ಷನ್ 3 ಮತ್ತು 4 ಬಿಟ್ಟು ಬೇರೇನನ್ನೂ ಬಳಸಬೇಡಿ. ಮೋಟಾರ್ ನಿಲ್ಲಿಸುವುದು, ವಾಲ್ವ್ ತೆರೆಯುವುದು ಪಿಎಲ್‌ಸಿಯ ಕೆಲಸ.

ಮೊಸ್ಕಿಟೊ

ಮೊಸ್ಕಿಟೊ ಎಂಬುದು ಎಂಕ್ಯೂಟಿಟಿ ಎಂಬ ಸಂದೇಶ ಪದ್ಧತಿಯ ಬ್ರೋಕರ್, ಅಂದರೆ ಸಂದೇಶ ಪಡೆದು ಬೇಕಾದವರಿಗೆ ಹಂಚುವ ಮಧ್ಯವರ್ತಿ. ಎಂಕ್ಯೂಟಿಟಿ 1999ರಲ್ಲಿ ತೈಲ ಕೊಳವೆಮಾರ್ಗಗಳ ಉಪಗ್ರಹ ಸಂಪರ್ಕಕ್ಕಾಗಿ ಹುಟ್ಟಿದ್ದು, ದುರ್ಬಲ ಜಾಲಕ್ಕೆಂದೇ ಮಾಡಿದ್ದು. ಮೊಸ್ಕಿಟೊ ಆ ಕೆಲಸವನ್ನು ಸದ್ದಿಲ್ಲದೆ, ಕೆಲವೇ ಮೆಗಾಬೈಟ್ ಮೆಮೊರಿಯಲ್ಲಿ ಮಾಡುತ್ತದೆ. ನಾಲ್ಕರಲ್ಲಿ ಅತಿ ಕಡಿಮೆ ಕಾಟ ಕೊಡುವುದು ಇದೇ. 2.0 ಆವೃತ್ತಿಯಿಂದೀಚೆಗೆ ಕಾನ್ಫಿಗರೇಶನ್‌ನಲ್ಲಿ ಲಿಸನರ್ (ಯಾವ ಪೋರ್ಟಿಗೆ ಕಿವಿಗೊಡಬೇಕೆಂಬ ಸಾಲು) ಬರೆಯದಿದ್ದರೆ ಹೊರಗಿನ ಸಂಪರ್ಕವನ್ನೇ ಒಪ್ಪುವುದಿಲ್ಲ. ಹಳೆಯ ಪಾಠಗಳನ್ನು ನೋಡಿ ಸ್ಥಾಪಿಸುವವರು ಇಲ್ಲಿ ಎಡವುತ್ತಾರಾದರೂ ನಿರ್ಧಾರ ಸರಿಯಾದದ್ದು.

ಇದರ ಒಳ್ಳೆಯ ಗುಣ ಲಾಸ್ಟ್ ವಿಲ್: ಸಾಧನ ಸಂಪರ್ಕ ಕಳೆದುಕೊಂಡರೆ ಅದು ಮೊದಲೇ ಒಪ್ಪಿಸಿಟ್ಟ ಮರಣ ಸಂದೇಶವನ್ನು ಬ್ರೋಕರ್ ಎಲ್ಲರಿಗೂ ಹೇಳುತ್ತದೆ. ಕೀಪ್-ಅಲೈವ್ ಅವಧಿಯ (ಬದುಕಿದ್ದೇನೆಂದು ಸಾಧನ ಹೇಳಬೇಕಾದ ಗಡುವಿನ) ಒಂದೂವರೆ ಪಟ್ಟು ಕಾದ ಮೇಲೆ, ಅಂದರೆ 60 ಸೆಕೆಂಡ್ ಇಟ್ಟಿದ್ದರೆ 90ರಲ್ಲಿ. ಕೆಟ್ಟ ಗುಣ ರಿಟೇನ್. ನಿನ್ನೆಯ ಕೊನೆಯ ಅಂಕಿಯನ್ನು ಇವತ್ತು ಹೊಸದಾಗಿ ಸೇರಿದವರಿಗೂ ಕೊಡುತ್ತದೆ. ಪಡೆದವರು ಬಂದ ಸಮಯವನ್ನೇ ಅಳತೆಯ ಸಮಯವೆಂದು ಬರೆದುಕೊಂಡರೆ ಸತ್ತ ಯಂತ್ರ ಒಂದು ಕ್ಷಣ ಎದ್ದು ಕೂರುತ್ತದೆ. ಅಳತೆಗಳಿಗೆ ರಿಟೇನ್ ಬೇಡ, ಸ್ಥಿತಿ ಸಂದೇಶಗಳಿಗೆ ಮಾತ್ರ ಸಾಕು. ಸಮಯಮುದ್ರೆ ಸಂದೇಶದ ಒಳಗೇ ಇರಲಿ. ಒಂದು ಸೆನ್ಸರಿನ ಕಾನ್ಫಿಗರೇಶನ್ ನಕಲು ಮಾಡಿ ಇನ್ನೊಂದಕ್ಕೆ ಹಾಕುವಾಗ ಕ್ಲೈಂಟ್ ಐಡಿ ಬದಲಿಸಲು ಮರೆತರೆ ಎರಡೂ ಒಂದನ್ನೊಂದು ಹೊರದಬ್ಬುತ್ತಾ ಇರುತ್ತವೆ. ಲಾಗ್‌ನಲ್ಲಿ ಕೆಲವೇ ಸೆಕೆಂಡಿಗೊಮ್ಮೆ ಸಂಪರ್ಕ, ವಿಚ್ಛೇದ ಕಂಡರೆ ಮೊದಲು ಇದನ್ನೇ ಹುಡುಕಿ.

ಇನ್‌ಫ್ಲಕ್ಸ್‌ಡಿಬಿ

ಕಾಲಕ್ರಮದ ಅಂಕಿಗಳನ್ನು ಬರೆದಿಡುವುದರಲ್ಲಿ ಚುರುಕು, ಒತ್ತಿ ಇಡುವುದರಲ್ಲಿ ಜಾಣ. 12 ಮೀಟರ್, ತಲಾ 10 ಅಂಕಿ, 5 ಸೆಕೆಂಡಿಗೊಮ್ಮೆ ಎಂದರೆ ದಿನಕ್ಕೆ 20,73,600 ಅಂಕಿಗಳು. ಸಾಧಾರಣ ಕಂಪ್ಯೂಟರಿಗೂ ಇದು ಭಾರವಲ್ಲ. ತಪ್ಪಿದಾಗ ಇದು ಕೂಗುತ್ತದೆ, ಕೇಳುವವರಿದ್ದರೆ. ಒಂದು ಫೀಲ್ಡಿಗೆ (ಅಳತೆಯ ಖಾನೆಗೆ) ಮೊದಲು ಸಂಖ್ಯೆ ಬರೆದು, ಆಮೇಲೆ ಅದೇ ಫೀಲ್ಡಿಗೆ ಅಕ್ಷರರೂಪದ "230" ಬಂದರೆ ಬರಹವನ್ನೇ ತಿರಸ್ಕರಿಸುತ್ತದೆ. ನೋಡ್-ರೆಡ್‌ನಲ್ಲಿ ಕ್ಯಾಚ್ ನೋಡ್ ಇಲ್ಲದಿದ್ದರೆ ಆ ತಿರಸ್ಕಾರ ಯಾರ ಕಿವಿಗೂ ಬೀಳುವುದಿಲ್ಲ.

ಟ್ಯಾಗ್ (ಹುಡುಕಲು ಅಂಟಿಸುವ ಗುರುತು) ಯಾವುದು, ಫೀಲ್ಡ್ ಯಾವುದು ಎಂಬುದನ್ನು ಮೊದಲ ದಿನವೇ ತೀರ್ಮಾನಿಸಬೇಕು. ಲೈನ್, ಯಂತ್ರ, ಮೀಟರ್ ಟ್ಯಾಗ್ ಆಗಲಿ. ಬ್ಯಾಚ್ ಸಂಖ್ಯೆ, ಜಾಬ್ ಸಂಖ್ಯೆಗಳನ್ನು 1 ಮತ್ತು 2ನೇ ಆವೃತ್ತಿಗಳಲ್ಲಿ ಟ್ಯಾಗ್ ಮಾಡಿದರೆ ಪ್ರತಿ ಹೊಸ ಜಾಬಿಗೂ ಹೊಸ ಸರಣಿಗಳು ಹುಟ್ಟಿ ಮೆಮೊರಿ ತಿಂದುಹಾಕುತ್ತವೆ. ಹಳೆಯದನ್ನು ಕುಗ್ಗಿಸುವಾಗ ಸರಾಸರಿಯನ್ನಷ್ಟೇ ಉಳಿಸಬೇಡಿ. ನಿಮಿಷದ ಸರಾಸರಿಯಲ್ಲಿ ಮೋಟಾರ್ ಸ್ಟಾರ್ಟ್ ಆದ ಏರು ಕಾಣೆಯಾಗುತ್ತದೆ. ಕನಿಷ್ಠ, ಗರಿಷ್ಠ, ಸರಾಸರಿ ಮೂರೂ ಇರಲಿ.

ದೊಡ್ಡ ಆಕ್ಷೇಪಣೆ ಆವೃತ್ತಿಗಳದ್ದು. ಪ್ರಶ್ನೆ ಕೇಳುವ ಭಾಷೆ 1ರಲ್ಲಿ ಇನ್‌ಫ್ಲಕ್ಸ್‌ಕ್ಯೂಎಲ್, 2ರಲ್ಲಿ ಫ್ಲಕ್ಸ್ ಎಂಬ ಹೊಸ ಭಾಷೆ, 2025ರಲ್ಲಿ ಬಂದ 3ರಲ್ಲಿ ಎಸ್‌ಕ್ಯೂಎಲ್ ಇದೆ, ಫ್ಲಕ್ಸ್ ಇಲ್ಲ. ಫ್ಲಕ್ಸ್‌ನಲ್ಲಿ ಬರೆದ ಡ್ಯಾಶ್‌ಬೋರ್ಡುಗಳನ್ನು ಮತ್ತೆ ಬರೆಯಬೇಕು. ಹತ್ತು ವರ್ಷ ಬಾಳಬೇಕಾದ ಕಾರ್ಖಾನೆಯ ಲೆಕ್ಕಕ್ಕೆ ಇದು ಸಲ್ಲದು. ಹೊಸದಾಗಿ ಶುರು ಮಾಡುವವರಿಗೆ ನಮ್ಮ ಒಲವು ಪೋಸ್ಟ್‌ಗ್ರೆಸ್ ಡೇಟಾಬೇಸಿನ ಮೇಲೆ ಕೂರುವ ಟೈಮ್‌ಸ್ಕೇಲ್‌ಡಿಬಿಯ ಕಡೆಗೆ. ಉತ್ಪಾದನೆಯ ಪಟ್ಟಿಯನ್ನೂ ಯೂನಿಟ್ ಲೆಕ್ಕವನ್ನೂ ಒಂದೇ ಪ್ರಶ್ನೆಯಲ್ಲಿ ಜೋಡಿಸಿ "ಒಂದು ಕಿಲೋ ಮಾಲಿಗೆ ಎಷ್ಟು ಯೂನಿಟ್" ಎಂದು ಕೇಳಬಹುದು. ಈಗಾಗಲೇ 2ನೇ ಆವೃತ್ತಿ ಸರಿಯಾಗಿ ಓಡುತ್ತಿದ್ದರೆ ಅದನ್ನು ಕಿತ್ತುಹಾಕುವ ಅಗತ್ಯವಿಲ್ಲ.

ಗ್ರಫಾನಾ

ನೋಡಲು ನಾಲ್ಕರಲ್ಲೇ ಚೆಲುವಾದದ್ದು, ಅದೇ ಕಾರಣಕ್ಕೆ ಮೋಸ ಮಾಡುವುದರಲ್ಲೂ ಮುಂದು. ಮೀಟರ್ 40 ನಿಮಿಷ ಉತ್ತರ ಕೊಡದಿದ್ದರೆ ಡೇಟಾಬೇಸಿನಲ್ಲಿ ಆ 40 ನಿಮಿಷ ಇರುವುದೇ ಇಲ್ಲ. ಗ್ರಫಾನಾ ಆಚೆ ಈಚೆಯ ಎರಡು ಚುಕ್ಕೆಗಳ ನಡುವೆ ನೇರ ಗೆರೆ ಎಳೆಯುತ್ತದೆ. ಪ್ಯಾನೆಲ್ ಸೆಟ್ಟಿಂಗಿನಲ್ಲಿ ಡಿಸ್‌ಕನೆಕ್ಟ್ ವ್ಯಾಲ್ಯೂಸ್ ಎಂಬುದಕ್ಕೆ 30 ಸೆಕೆಂಡ್ ಮಿತಿ (60 ಸೆಕೆಂಡಿಗೊಮ್ಮೆ ಮಾತ್ರ ಬರಬಹುದಾದ ಫಿಲ್ಟರ್ ಮಾಡಿದ ಅಂಕಿಗಳಿಗೆ ಅದಕ್ಕಿಂತ ಹೆಚ್ಚು) ಕೊಟ್ಟರೆ ಖಾಲಿ ಜಾಗ ಖಾಲಿಯಾಗಿಯೇ ಕಾಣುತ್ತದೆ. ಅಲಾರಂಗಳಲ್ಲಿ "ಡೇಟಾ ಇಲ್ಲ" ಎಂಬ ಸ್ಥಿತಿಯನ್ನು ಸಹಜ ಎಂದು ಇಟ್ಟರೆ, ತಂತಿ ತುಂಡಾದ ಬೇರಿಂಗ್ ಸೆನ್ಸರ್ ಎಂದೆಂದಿಗೂ ತಣ್ಣಗೇ ಇರುತ್ತದೆ. ಪೆಂಡಿಂಗ್ ಅವಧಿ (ಅಲಾರಂ ಕೂಗುವ ಮೊದಲು ಕಾಯುವ ಸಮಯ) ಕೊಡದಿದ್ದರೆ ಪ್ರತಿ ಮೋಟಾರ್ ಸ್ಟಾರ್ಟಿಗೂ ಸಂದೇಶ ಬರುತ್ತದೆ. ಎರಡನೇ ವಾರಕ್ಕೆ ಎಲ್ಲರೂ ಫೋನಿನಲ್ಲಿ ಆ ಗುಂಪನ್ನು ಮ್ಯೂಟ್ ಮಾಡಿರುತ್ತಾರೆ.

ಶಿಫ್ಟ್ ಲೆಕ್ಕ ತಪ್ಪುವುದು ಇನ್ನೊಂದು ಕಾಯಂ ಗೋಳು. ಡೇಟಾಬೇಸ್ ಇಡುವುದು ಯುಟಿಸಿ (ಜಾಗತಿಕ) ಸಮಯ, ಸ್ಥಳೀಯ ಸಮಯವಲ್ಲ; ರಾತ್ರಿ ಪಾಳಿ ಮಧ್ಯರಾತ್ರಿ ದಾಟುತ್ತದೆ. ಜೊತೆಗೆ, ಗಂಟೆಯ ಮೊತ್ತಕ್ಕೆ ಇನ್‌ಫ್ಲಕ್ಸ್‌ಕ್ಯೂಎಲ್ ಗಂಟೆಯ ಆರಂಭವನ್ನು ಗುರುತಾಗಿ ಹಾಕುತ್ತದೆ, ಫ್ಲಕ್ಸ್ ತಾನಾಗಿ ಗಂಟೆಯ ಕೊನೆಯನ್ನು ಹಾಕುತ್ತದೆ. ಎರಡು ವರದಿಗಳು ಸರಿಯಾಗಿ ಒಂದು ಗಂಟೆ ಆಚೀಚೆ ಇದ್ದರೆ ಕಾರಣ ಇಲ್ಲಿರುತ್ತದೆ.

ಇಷ್ಟಕ್ಕೆ ಸಿಗುವುದೇನು?

ಖರ್ಚು ಮೊದಲು ಮರಳುವ ಸಾಧ್ಯತೆ ಹೆಚ್ಚಿರುವುದು ಏರ್ ಕಂಪ್ರೆಸರಿನಲ್ಲಿ. ಸ್ಥಿರವೇಗದ ಸ್ಕ್ರೂ ಕಂಪ್ರೆಸರ್ ಅನ್‌ಲೋಡ್ ಆಗಿ ಸುಮ್ಮನೆ ತಿರುಗುವಾಗಲೂ ಪೂರ್ಣ ಲೋಡಿನ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ವಿದ್ಯುತ್ ಎಳೆಯುತ್ತದೆ. ಕಿಲೋವ್ಯಾಟ್ ಗ್ರಾಫಿನಲ್ಲಿ ಲೋಡ್ ಮತ್ತು ಅನ್‌ಲೋಡ್ ಎರಡು ಮಟ್ಟಗಳಾಗಿ ಸ್ಪಷ್ಟವಾಗಿ ಕಾಣುತ್ತವೆ. ಉತ್ಪಾದನೆ ಇಲ್ಲದ ರಾತ್ರಿ, ಗಾಳಿ ಬಳಸುವ ಯಂತ್ರಗಳೆಲ್ಲ ನಿಂತಾಗ, ಕಂಪ್ರೆಸರನ್ನು ಅರ್ಧ ಗಂಟೆ ಓಡಲು ಬಿಡಿ. ಲೋಡ್ ಸಮಯವನ್ನು ಒಟ್ಟು ಸಮಯದಿಂದ ಭಾಗಿಸಿದರೆ ಸೋರಿಕೆ ಸಿಗುತ್ತದೆ: 3 ನಿಮಿಷ ಲೋಡ್, 7 ನಿಮಿಷ ಅನ್‌ಲೋಡ್ ಎಂದಾದರೆ ಸಾಮರ್ಥ್ಯದ 30 ಶೇಕಡಾ ಸೋರಿ ಹೋಗುತ್ತಿದೆ, ನಿಮಿಷಕ್ಕೆ 10 ಘನ ಮೀಟರ್ ಯಂತ್ರವಾದರೆ 3 ಘನ ಮೀಟರ್. ಸೋರಿಕೆ ಮುಚ್ಚಿದ ಮೇಲೆ ಅದೇ ಪರೀಕ್ಷೆಯನ್ನು ಮತ್ತೆ ಮಾಡಿ. ಒತ್ತಡವನ್ನು 1 ಬಾರ್ ಇಳಿಸಲು ಸಾಧ್ಯವಾದರೆ 7 ಬಾರ್ ಆಸುಪಾಸಿನಲ್ಲಿ ಸುಮಾರು 6–7 ಶೇಕಡಾ ವಿದ್ಯುತ್ ಉಳಿಯುತ್ತದೆ. ಇಳಿಸುವ ಮೊದಲು ಕೊನೆಯ ಯಂತ್ರದ ಬಳಿ ಒಂದು ಒತ್ತಡ ಸೆನ್ಸರ್ ಇಡಿ, ಇಲ್ಲವಾದರೆ ಅಲ್ಲಿ ಗಾಳಿಯಿಂದ ನಡೆಯುವ ಸಿಲಿಂಡರುಗಳು ಸೊರಗುತ್ತವೆ. ವಿಎಫ್‌ಡಿ ಇರುವ ಕಂಪ್ರೆಸರಿಗೆ ಈ ಲೋಡ್ ಸಮಯದ ಲೆಕ್ಕ ಹೊಂದುವುದಿಲ್ಲ. ರಾತ್ರಿಯ ಸರಾಸರಿ ಕಿಲೋವ್ಯಾಟನ್ನು ವಾರದಿಂದ ವಾರಕ್ಕೆ ಹೋಲಿಸಿ.

ಯಂತ್ರ ಓಡುತ್ತಿದೆಯೋ ಸುಮ್ಮನೆ ತಿರುಗುತ್ತಿದೆಯೋ ಎಂದು ತಿಳಿಯಲು ಬಹಳ ಮಂದಿ ಕರೆಂಟ್ ನೋಡುತ್ತಾರೆ. ಇಂಡಕ್ಷನ್ ಮೋಟಾರ್ ಖಾಲಿ ತಿರುಗುವಾಗಲೂ ಕಾಂತಕ್ಷೇತ್ರಕ್ಕಾಗಿ ಪೂರ್ಣ ಕರೆಂಟಿನ 30–50 ಶೇಕಡಾ ಎಳೆಯಬಹುದು, ಹಾಗಾಗಿ ಗೆರೆ ಮಸುಕು. ಖಾಲಿ ಮೋಟಾರಿನ ಪವರ್ ಫ್ಯಾಕ್ಟರ್ ತೀರಾ ಕಡಿಮೆ ಇರುವುದರಿಂದ ಕಿಲೋವ್ಯಾಟ್ ಮಾತ್ರ ಕುಸಿಯುತ್ತದೆ. ಅದನ್ನೇ ಬಳಸಿ. 4 ಕಿಲೋವ್ಯಾಟ್ ಮೇಲೆ ಹೋದರೆ ಓಟ, 3ರ ಕೆಳಗೆ 10 ಸೆಕೆಂಡ್ ಇದ್ದರೆ ನಿಲುಗಡೆ ಎಂದು ಎರಡು ಬೇರೆ ಮಿತಿ ಇಟ್ಟರೆ ಸ್ಥಿತಿ ಪಟಪಟ ಬದಲಾಗುವುದಿಲ್ಲ. ಅಂಕಿಗಳು ನಿಮ್ಮ ಯಂತ್ರದ ಗ್ರಾಫ್ ನೋಡಿ ಆಯ್ದುಕೊಳ್ಳಿ.

ಇದರ ಮೇಲೆ ಒಇಇ (ಲಭ್ಯತೆ, ವೇಗ, ಗುಣಮಟ್ಟ ಮೂರನ್ನೂ ಗುಣಿಸಿ ಸಿಗುವ ಯಂತ್ರದ ಒಟ್ಟು ದಕ್ಷತೆ) ಕಟ್ಟಬಹುದು. 450 ನಿಮಿಷದ ಯೋಜಿತ ಸಮಯದಲ್ಲಿ 60 ನಿಮಿಷ ನಿಂತರೆ ಲಭ್ಯತೆ 86.7, ಒಂದು ತುಂಡಿಗೆ ಅರ್ಧ ನಿಮಿಷವೆಂದರೆ 700 ತುಂಡಿಗೆ 350 ನಿಮಿಷ, ವೇಗ 89.7; ಒಳ್ಳೆಯವು 680, ಗುಣಮಟ್ಟ 97.1; ಗುಣಿಸಿದರೆ 75.6 ಶೇಕಡಾ. ವೇಗ 100 ದಾಟಿತೆಂದರೆ ಸಂಭ್ರಮಿಸಬೇಡಿ, ಆದರ್ಶ ಸಮಯವನ್ನು ಯಾರೋ ಸಡಿಲವಾಗಿ ಬರೆದಿದ್ದಾರೆ. ನಿಂತ ಕಾರಣವನ್ನು ಸೆನ್ಸರ್ ಹೇಳುವುದಿಲ್ಲ, ಆಪರೇಟರ್ ಹೇಳಬೇಕು. ಪರದೆಯಲ್ಲಿ ಆರು ಗುಂಡಿ ಸಾಕು. ನಲವತ್ತು ಕೊಟ್ಟರೆ ಎಲ್ಲರೂ ಒತ್ತುವುದು "ಇತರೆ".

ಕಂಪನದ ವಿಷಯಕ್ಕೆ ಈ ಜೋಡಣೆ ಅರ್ಧ ದಾರಿ ಬರುತ್ತದೆ. ಸೆನ್ಸರೇ ಲೆಕ್ಕ ಹಾಕಿ ಕೊಡುವ 10–1000 ಹರ್ಟ್ಸ್ ಕಂಪನ ವೇಗದ ಆರ್‌ಎಂಎಸ್ (ಒಂದು ಬಗೆಯ ಸರಾಸರಿ) ಅಂಕಿಯನ್ನು ಇಲ್ಲಿ ಇಡಬಹುದು. 15ರಿಂದ 300 ಕಿಲೋವ್ಯಾಟ್ ಯಂತ್ರ ಗಟ್ಟಿ ಅಡಿಪಾಯದ ಮೇಲಿದ್ದರೆ ಐಎಸ್‌ಒ 10816-3 ಮಾನದಂಡದಲ್ಲಿ (2022ರಲ್ಲಿ ಇದರ ಜಾಗಕ್ಕೆ ಐಎಸ್‌ಒ 20816-3 ಬಂತು) ಒಳ್ಳೆಯದರಿಂದ ಅಪಾಯದವರೆಗಿನ ನಾಲ್ಕು ವಲಯಗಳ ಗಡಿಗಳು ಸೆಕೆಂಡಿಗೆ 1.4, 2.8, 4.5 ಮಿಲಿಮೀಟರ್. ಅಸಮತೋಲ, ಅಲೈನ್‌ಮೆಂಟ್ ದೋಷ ಇದರಲ್ಲಿ ಕಾಣುತ್ತವೆ. ಬೇರಿಂಗಿನ ಮೊದಲ ಬಿರುಕು ಇನ್ನೂ ಮೇಲಿನ ಆವರ್ತನಗಳಲ್ಲಿ ಮಾತಾಡುತ್ತದೆ. ಅದಕ್ಕೆ ಸೆಕೆಂಡಿಗೆ 25,600 ಮಾದರಿಗಳ ಕಚ್ಚಾ ಅಲೆ, ಸ್ಟಡ್ ಹಾಕಿ ಬಿಗಿದ ಸೆನ್ಸರ್, ಬೇರೆಯದೇ ತಂತ್ರಾಂಶ ಬೇಕು. ವಿಎಫ್‌ಡಿ ಮೋಟಾರುಗಳಲ್ಲಿ ಕಂಪನದ ಜೊತೆ ವೇಗವನ್ನೂ ಬರೆದಿಡದಿದ್ದರೆ ಹೋಲಿಕೆಗೆ ಅರ್ಥವಿಲ್ಲ.

ಯಂತ್ರಾಂಶದ ಬಗ್ಗೆ ಚಿಕ್ಕದಾಗಿ. ರಾಸ್ಪ್‌ಬೆರಿ ಪೈಯಲ್ಲಿ ಓಡುತ್ತದೆ, ಆದರೆ ಎಸ್‌ಡಿ ಕಾರ್ಡಿನ ಮೇಲೆ ಡೇಟಾಬೇಸ್ ಇಡಬೇಡಿ. ನಿರಂತರ ಬರಹಕ್ಕೆ ಅದು ಬಾಳುವುದಿಲ್ಲ. ಎಸ್‌ಎಸ್‌ಡಿ ಹಾಕಿ. ಪೈ 4ರಲ್ಲಿ ಬ್ಯಾಟರಿ ಗಡಿಯಾರವಿಲ್ಲ. ಕರೆಂಟ್ ಹೋಗಿ ಬಂದಾಗ ಇಂಟರ್ನೆಟ್ ಇಲ್ಲದಿದ್ದರೆ ಅದು ಹಳೆಯ ಸಮಯದಲ್ಲೇ ಎದ್ದು, ಹೊಸ ಅಂಕಿಗಳನ್ನು ಹಿಂದಿನ ಹೊತ್ತಿಗೆ ಬರೆಯುತ್ತದೆ. ಡಿಎಸ್3231 ಗಡಿಯಾರದ ಮಾಡ್ಯೂಲ್ ಸೇರಿಸಿ, ಇಲ್ಲವೇ ಪ್ಯಾನೆಲ್ಲಿನ 24 ವೋಲ್ಟಿನಲ್ಲಿ ನಡೆಯುವ ಫ್ಯಾನ್ ಇಲ್ಲದ ಇಂಡಸ್ಟ್ರಿಯಲ್ ಪಿಸಿ ತನ್ನಿ.

ಬ್ಯಾಕಪ್‌ನಲ್ಲಿ ಡೇಟಾಬೇಸ್ ಮಾತ್ರವಲ್ಲ, ನೋಡ್-ರೆಡ್ ಫೋಲ್ಡರಿನ ಫ್ಲೋ ಫೈಲ್ (ಡಬ್ಬಿಗಳ ಜೋಡಣೆ), ಅದರ ಜೋಡಿ ಕ್ರೆಡೆನ್ಶಿಯಲ್ ಫೈಲ್ (ಪಾಸ್‌ವರ್ಡುಗಳು), ಸೆಟ್ಟಿಂಗ್ಸ್ ಫೈಲ್, ಮೊಸ್ಕಿಟೊ ಕಾನ್ಫಿಗರೇಶನ್, ಗ್ರಫಾನಾದ ಡೇಟಾಬೇಸ್ ಫೈಲ್ ಎಲ್ಲವೂ ಇರಬೇಕು. ಕ್ರೆಡೆನ್ಶಿಯಲ್ ಫೈಲ್ ಒಂದು ಗುಪ್ತ ಕೀಲಿಯಿಂದ ಮುಚ್ಚಿರುತ್ತದೆ. ಆ ಕೀಲಿಯನ್ನು ನೀವೇ ಸೆಟ್ಟಿಂಗ್ಸ್‌ನಲ್ಲಿ ಕೊಡದಿದ್ದರೆ ನೋಡ್-ರೆಡ್ ತಾನೇ ಒಂದನ್ನು ಹುಟ್ಟಿಸಿ ಬೇರೆ ಫೈಲಿನಲ್ಲಿ ಇಟ್ಟುಕೊಳ್ಳುತ್ತದೆ. ಅದಿಲ್ಲದೆ ಹೊಸ ಕಂಪ್ಯೂಟರಿಗೆ ಸಾಗಿಸಿದರೆ ಫ್ಲೋಗಳೆಲ್ಲ ಬರುತ್ತವೆ, ಪಾಸ್‌ವರ್ಡ್ ಒಂದೂ ಬರುವುದಿಲ್ಲ.